ಕೌದಿಯ ಮೊದಲ ಮೂಲೆ

ಕೌದಿ ಬಡತನ ಕಲಿಸಿದ ಉಪಾಯ, ಹರಕು ಬಟ್ಟೆಗೆಂಥ ಚರಿತ್ರೆ ಎನ್ನುವವರಿದ್ದಾರೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಸೀಮೆಯ, ಆಫ್ರಿಕಾ ಮೂಲದ ಸಿದ್ದಿ ಹೆಂಗಸರ ಕೌದಿಯ ಮುಂದೆ ಈ ಮಾತು ನಿಲ್ಲದು. ಅಲ್ಲಿ ಹೊಸಬಳು ಮೊದಲು ಕಲಿಯಬೇಕಾದದ್ದು ಕ್ರಮ. ಹಳೆಯ ಸೀರೆಯನ್ನು ಅಡಿಗೆ ಹಾಸಿ, ಒಂದು ಮೂಲೆಯಿಂದ ಹೊರಟು, ಅಂಚಿನುದ್ದಕ್ಕೂ ತುಂಡುಗಳನ್ನು ಸರಳ ಸಾಲುಹೊಲಿಗೆಯಿಂದ ಕೂಡಿಸುತ್ತ, ಸುತ್ತುಸುತ್ತಾಗಿ ನಡುವಿಗೆ ಬರಬೇಕು. ಕಡೆಗೆ ನಾಲ್ಕೂ ಮೂಲೆಗೆ ಮಡಿಸಿದ ಬಟ್ಟೆಯ ತ್ರಿಕೋನ ‘ಫೂಲ’ ಇಡಬೇಕು. ಅದಿಲ್ಲದ ಕೌದಿ ಬತ್ತಲೆ ಎಂಬುದು ಅವರ ಎಣಿಕೆ. ಕ್ರೈಸ್ತ ಸಿದ್ದಿಗಳ ಕೌದಿಗಳಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಗಳ ಕೌದಿಗಳಲ್ಲಿ ಅರ್ಧಚಂದ್ರ ಕಾಣುವುದುಂಟು. ಬಡತನ ಚಿಂದಿ ಕೊಟ್ಟೀತು, ಇಂಥ ನಿಯಮ ಕೊಡಲಾರದು.

ಹಾಗಾದರೆ ಇದು ಆಫ್ರಿಕಾದಿಂದಲೇ ಬಂದ ವಿದ್ಯೆಯೇ? ಸಿದ್ದಿಗಳ ಪೂರ್ವಿಕರಲ್ಲಿ ಹಲವರನ್ನು ಪೋರ್ಚುಗೀಸರು 16ನೇ ಶತಮಾನದಿಂದ ಗೋವೆಗೆ ಗುಲಾಮರಾಗಿ ತಂದರು. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಆದರೆ ಧಾರವಾಡ, ವಿಜಯಪುರದ ಕಡೆಯ ಕೌದಿಯಲ್ಲೂ ಮಹಾರಾಷ್ಟ್ರದ ಗೋಧಡಿಯಲ್ಲೂ ಇದೇ ಸಾಲುಹೊಲಿಗೆಯಿದೆ. ಆದ್ದರಿಂದ ಹೊಲಿಗೆ ದಖ್ಖನ್ನಿನದು, ಬಣ್ಣಗಳನ್ನು ಎದುರುಬದುರಾಗಿ ನಿಲ್ಲಿಸುವ ದಿಟ್ಟತನ ಸಿದ್ದಿಗಳದು ಎನ್ನುವುದೇ ನ್ಯಾಯ. ಬರೆದಿಟ್ಟ ಚರಿತ್ರೆ ಈ ಹೆಂಗಸರಿಗೆ ಸಿಕ್ಕಿದ್ದು ಕಡಿಮೆ. ಕೈಯಿಂದ ಕೈಗೆ ದಾಟಿದ ಕೌದಿಯೇ ಅವರ ದಾಖಲೆ. ಅದನ್ನು ಓದಲು ಕಲಿಯಬೇಕಾದವರು ನಾವು.