ಊರಿನ ಹೆಸರು ಹೊತ್ತ ರೋಗಾಣುಗಳು

ಕೊಪ್ಪಳ ಜಿಲ್ಲೆಯಲ್ಲೊಂದು ಮಂಗಳೂರಿದೆ, ಕರಾವಳಿಯಲ್ಲೊಂದು ಮಂಗಳೂರಿದೆ. ಊರುಗಳು ಹೆಸರು ಹಂಚಿಕೊಳ್ಳುವುದು ನಮಗೆ ಗೊತ್ತು. ಆದರೆ ರೋಗಾಣುಗಳಿಗೂ ಊರಿನ ಹೆಸರಿದೆ ಎಂದರೆ ಹಲವರಿಗೆ ಅಚ್ಚರಿಯಾದೀತು.

1885ರಲ್ಲಿ ಅಮೆರಿಕದ ಪಶುವೈದ್ಯ ಡೇನಿಯಲ್ ಸಾಲ್ಮನ್ ಅವರ ಕೈಕೆಳಗಿದ್ದ ಥಿಯೋಬಾಲ್ಡ್ ಸ್ಮಿತ್ ಹಂದಿಗಳಲ್ಲಿ ಒಂದು ಬ್ಯಾಕ್ಟೀರಿಯವನ್ನು ಕಂಡರು. ಕಂಡವರು ಸ್ಮಿತ್, ಹೆಸರು ನಿಂತದ್ದು ಸಾಲ್ಮನ್ ಅವರದು: ಸಾಲ್ಮೊನೆಲ್ಲಾ. 1888ರಲ್ಲಿ ಜರ್ಮನಿಯಲ್ಲಿ ಕಾಯಿಲೆ ಹಸುವಿನ ಮಾಂಸ ತಿಂದವರು ಅಸ್ವಸ್ಥರಾದಾಗ, ಗಾರ್ಟ್‌ನರ್ ಎಂಬ ವಿಜ್ಞಾನಿ ಆ ಮಾಂಸದಲ್ಲೂ ತೀರಿಕೊಂಡ ರೋಗಿಯ ದೇಹದಲ್ಲೂ ಒಂದೇ ರೋಗಾಣುವನ್ನು ತೋರಿಸಿಕೊಟ್ಟರು.

ಇಂದು ಇದರ 2500ಕ್ಕೂ ಹೆಚ್ಚು ಬಗೆಗಳು ತಿಳಿದಿವೆ. ಮೊದಲು ಸಿಕ್ಕ ಊರಿನ ಹೆಸರನ್ನೇ ಹೊಸ ಬಗೆಗೆ ಇಡುವುದು ರೂಢಿಯಾಯಿತು. ಬರೇಲಿ, ಪೂನಾ ಎಂಬ ಬಗೆಗಳು ಹೀಗೆ ಬಂದವು. ವೆಲ್ಟೆವ್ರೆಡೆನ್ ಎಂಬುದು ಇಂದಿನ ಜಕಾರ್ತಾದ ಹಳೆಯ ಬಡಾವಣೆ. ಹೆಸರಿನಿಂದ ಊರಿಗೆ ದೋಷ ಅಂಟುವುದಿಲ್ಲ. 2015ರಲ್ಲಿ ಅಮೆರಿಕದಲ್ಲಿ 907 ಜನರನ್ನು ಕಾಡಿದ ‘ಪೂನಾ’ ಬಂದದ್ದು ಮೆಕ್ಸಿಕೋದ ಸೌತೆಕಾಯಿಯಿಂದ!

ಅಪರೂಪದ ಬಗೆಯೇ ಪತ್ತೆದಾರನ ಸುಳಿವು. ದೂರ ದೂರದ ರೋಗಿಗಳಲ್ಲಿ ಒಂದೇ ವಿರಳ ಬಗೆ ಕಂಡರೆ ಅವರು ತಿಂದ ಆಹಾರ ಒಂದೇ ಇರಬಹುದೆಂದು ಊಹಿಸಬಹುದು. 2012ರಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ಬರೇಲಿ ಮತ್ತು ಇನ್ನೊಂದು ವಿರಳ ಬಗೆಯಿಂದ 425 ಜನ ಹಾಸಿಗೆ ಹಿಡಿದಾಗ, ಜಾಡು ಭಾರತದಿಂದ ಹೋದ ಹಸಿ ಟ್ಯೂನಾ ಮೀನಿಗೆ ಮುಟ್ಟಿತು.

ನಮ್ಮ ಕರಾವಳಿಯ ಮಂಗಳೂರೂ ಈ ಚರಿತ್ರೆಯಲ್ಲಿದೆ. ಅಲ್ಲಿ ವೆಲ್ಟೆವ್ರೆಡೆನ್ ಬಗೆಯಿಂದ ವಿಷಾಹಾರವಾದ ಪ್ರಕರಣವನ್ನು ವೈದ್ಯರು 2009ರಲ್ಲಿ ಭಾರತೀಯ ವೈದ್ಯಕೀಯ ಪತ್ರಿಕೆಯೊಂದರಲ್ಲಿ ದಾಖಲಿಸಿದರು. ಮೀನು, ಸಿಗಡಿಗಳಲ್ಲಿ ಆಗಾಗ ಸಿಗುವ ಬಗೆಯಿದು. 1969ರಲ್ಲಿ ಆರಂಭವಾದ ಅಲ್ಲಿನ ಮೀನುಗಾರಿಕಾ ಕಾಲೇಜು ಇಂಥ ರೋಗಾಣುಗಳ ಅಧ್ಯಯನಕ್ಕೆ ಹೆಸರಾಗಿದೆ. ಬಗೆಯನ್ನು ಖಚಿತಪಡಿಸುವ ರಾಷ್ಟ್ರೀಯ ಕೇಂದ್ರ ಹಿಮಾಚಲದ ಕಸೌಲಿಯಲ್ಲಿದೆ.

ಹಾಸ್ಟೆಲ್ಲಿನ ವಿದ್ಯಾರ್ಥಿಗಳೇ, ಮದುವೆ-ಇಫ್ತಾರ್‌ಗಳಿಗೆ ದೊಡ್ಡ ದೇಗ್‌ಗಳಲ್ಲಿ ಅಡುಗೆ ಮಾಡಿಸುವ ಹಿರಿಯರೇ, ನೂರಾರು ಜನ ಒಂದೇ ಪಾತ್ರೆಯಿಂದ ಉಣ್ಣುವಲ್ಲಿ ಒಂದು ಅಜಾಗರೂಕತೆ ನೂರು ಮನೆಗಳ ಸಂಕಟವಾಗುತ್ತದೆ. ಚೆನ್ನಾಗಿ ಬೇಯಿಸಿದರೆ ಈ ರೋಗಾಣು ಸಾಯುತ್ತದೆ. ಆದರೆ ಹಸಿ ಮಾಂಸ ಕೊಯ್ದ ಚಾಕುವಿನಲ್ಲೇ ಸಲಾಡ್ ಹೆಚ್ಚಿದರೆ ಮತ್ತೆ ಬರುತ್ತದೆ. ಬೆಂದ ಅನ್ನ-ಸಾರನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹಾಗೆಯೇ ಬಿಟ್ಟರೆ ಬೆಳೆಯುತ್ತದೆ. ವಾಂತಿ, ಭೇದಿ, ಜ್ವರ ಒಮ್ಮೆಲೇ ಹಲವರಿಗೆ ಬಂದರೆ ಮುಚ್ಚಿಡದೆ ಆರೋಗ್ಯ ಇಲಾಖೆಗೆ ತಿಳಿಸಿ, ಉಳಿದ ಆಹಾರವನ್ನು ಪರೀಕ್ಷೆಗೆ ಕೊಡಿ. ಮುಚ್ಚಿಟ್ಟರೆ ಸುಳಿವು ಅಳಿಯುತ್ತದೆ, ರೋಗ ಉಳಿಯುತ್ತದೆ.