ನರಕೋಶಕ್ಕೆ ಬರುವ ಓಲೆ

ಶಿರಾ ತಾಲ್ಲೂಕಿನ ಗೌಡಗೆರೆಯಾಗಲಿ, ಮಧುಗಿರಿ, ಪಾವಗಡ, ಕೊರಟಗೆರೆಯಾಗಲಿ, ತಲೆಗೆ ಬಲವಾದ ಪೆಟ್ಟು ಬಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ನೆನಪಾಗುತ್ತದೆ. ಜೀವ ಉಳಿದ ಮೇಲೆ ಮನೆಯವರ ಪ್ರಶ್ನೆ ಒಂದೇ: ಕೆಟ್ಟ ನರ ಮತ್ತೆ ಚಿಗುರುತ್ತದೆಯೇ? ಇದಕ್ಕೆ ವಿಜ್ಞಾನ ಉತ್ತರ ಹುಡುಕಿದ ಕಥೆಯ ಮುಖ್ಯ ಅಧ್ಯಾಯವೊಂದು ಕೋಳಿಮೊಟ್ಟೆಯಲ್ಲಿದೆ.

1938ರಲ್ಲಿ ಮುಸೊಲಿನಿ ಸರ್ಕಾರ ಯಹೂದಿಗಳನ್ನು ಇಟಲಿಯ ವಿಶ್ವವಿದ್ಯಾಲಯಗಳಿಂದ ಹೊರಹಾಕಿತು. ಟ್ಯೂರಿನ್ನಿನ ತರುಣ ವೈದ್ಯೆ ರೀಟಾ ಲೆವಿ-ಮೊಂಟಾಲ್ಚಿನಿ ಎದೆಗುಂದದೆ ಮಲಗುವ ಕೋಣೆಯನ್ನೇ ಪ್ರಯೋಗಶಾಲೆ ಮಾಡಿಕೊಂಡರು. ಕೋಳಿಭ್ರೂಣದಲ್ಲಿ ನರ ಬೆಳೆಯುವ ಬಗೆಯನ್ನು ಅಭ್ಯಸಿಸಿದರು. 1947ರಲ್ಲಿ ಅಮೆರಿಕಕ್ಕೆ ಹೋದ ಮೇಲೆ, ಇಲಿಯ ಗೆಡ್ಡೆಯನ್ನು ಭ್ರೂಣಕ್ಕೆ ಕಸಿ ಮಾಡಿದಾಗ ನರದ ಎಳೆಗಳು ದಟ್ಟವಾಗಿ ಚಾಚಿಕೊಳ್ಳುವುದನ್ನು ಕಂಡರು. ಗೆಡ್ಡೆ ಏನನ್ನೋ ಸ್ರವಿಸುತ್ತಿತ್ತು. ಸ್ಟ್ಯಾನ್ಲಿ ಕೋಹೆನ್ ಆ ವಸ್ತುವನ್ನು ಬೇರ್ಪಡಿಸಿದರು. ಅದೇ ಎನ್‌ಜಿಎಫ್, ಅಂದರೆ ನರ ಬೆಳವಣಿಗೆಯ ಅಂಶ. 1986ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಅಮೈನೋ ಆಮ್ಲಗಳ ಚಿಕ್ಕ ಸರಪಳಿ ಪೆಪ್ಟೈಡ್, ದೊಡ್ಡದು ಪ್ರೋಟೀನು. ಇಂಥ ಸರಪಳಿಗಳು ಕೋಶಕೋಶಗಳ ನಡುವೆ ಓಲೆಯ ಕೆಲಸ ಮಾಡುತ್ತವೆ. ಭ್ರೂಣದಲ್ಲಿ ನರಕೋಶಗಳು ಬೇಕಾದ್ದಕ್ಕಿಂತ ಹೆಚ್ಚೇ ಹುಟ್ಟುತ್ತವೆ. ತಲುಪಬೇಕಾದ ಜಾಗ ತಲುಪಿ ಓಲೆ ಪಡೆದವು ಬದುಕುತ್ತವೆ, ಉಳಿದವು ಸಾಯುತ್ತವೆ. ಒತ್ತಾದ ರಾಗಿ ಪೈರನ್ನು ಕುಂಟೆ ಹೊಡೆದು ತೆಳುವು ಮಾಡಿದಂತೆ! 1982ರಲ್ಲಿ ಬಾರ್ಡ್ ಮತ್ತು ಥೋನೆನ್ ಹಂದಿಯ ಮಿದುಳಿನಿಂದ ಬಿಡಿಎನ್‌ಎಫ್ ಎಂಬ ಇನ್ನೊಂದು ಓಲೆಯನ್ನು ಬೇರ್ಪಡಿಸಿದರು.

ಕೈಯ ನರ ತುಂಡಾದರೆ ಸುತ್ತಲಿನ ಕೋಶಗಳು ಇಂಥ ಓಲೆ ಕಳಿಸಿ ಅದನ್ನು ಬೆಳೆಸಬಲ್ಲವು. ಮಿದುಳು, ಬೆನ್ನುಹುರಿಗಳಲ್ಲಿ ಹಾಗಲ್ಲ. ಅಲ್ಲಿ 'ಬೆಳೆಯಬೇಡ' ಎನ್ನುವ ಓಲೆಗಳೂ ಇವೆ.

ನಿಮ್ಹಾನ್ಸ್‌ನಲ್ಲೂ ಈ ದಿಕ್ಕಿನ ಕೆಲಸ ನಡೆದಿದೆ. ಸ್ನಾಯು ನಡೆಸುವ ನರಗಳು ಸಾಯುವ ಎಎಲ್‌ಎಸ್ ರೋಗಿಗಳ ಬೆನ್ನುಹುರಿಯ ದ್ರವವನ್ನು ಟಿ.ಆರ್. ರಾಜು, ಫಲ್ಗುಣಿ ಆನಂದ್ ಅಲ್ಲಾಡಿ ಮೊದಲಾದವರು ಪ್ರಯೋಗಶಾಲೆಯ ಕೋಶಗಳಿಗೆ ಹಾಕಿದಾಗ ಅವು ಹಾನಿಗೊಂಡವು. ವಿಇಜಿಎಫ್ ಎಂಬ ಬೆಳವಣಿಗೆಯ ಅಂಶ ಸೇರಿಸಿದಾಗ ಹಾನಿ ತಗ್ಗಿತೆಂದು 2011ರಲ್ಲಿ ಪ್ರಕಟಿಸಿದರು.

ಆದರೆ ಗಾಜಿನ ತಟ್ಟೆ ಬೇರೆ, ಮನುಷ್ಯ ಬೇರೆ. ರಕ್ತದಿಂದ ಮಿದುಳಿಗೆ ಇಂಥ ದೊಡ್ಡ ಸರಪಳಿಗಳು ಸುಲಭವಾಗಿ ದಾಟವು. ಎಎಲ್‌ಎಸ್ ರೋಗಿಗಳಿಗೆ ಬಿಡಿಎನ್‌ಎಫ್ ಕೊಟ್ಟ ದೊಡ್ಡ ಪರೀಕ್ಷೆ ಫಲಿಸಲಿಲ್ಲವೆಂದು 1999ರಲ್ಲಿ ತಿಳಿಯಿತು. ಹಂದಿಯ ಮಿದುಳಿನಿಂದ ತಯಾರಿಸಿದ ಪೆಪ್ಟೈಡ್ ಮಿಶ್ರಣವನ್ನು ಲಕ್ವ ಹೊಡೆದವರಿಗೆ ಚುಚ್ಚುವುದುಂಟು. ಪರೀಕ್ಷೆಗಳನ್ನೆಲ್ಲ ಒಟ್ಟಿಗೆ ತೂಗಿದವರಿಗೆ ಅದು ಸಾವು ತಪ್ಪಿಸುತ್ತದೆ ಎಂಬ ಪುರಾವೆ ಸಿಗಲಿಲ್ಲ. ಹೊಲ ಮಾರಿ ಇಂಜೆಕ್ಷನ್ ಕೊಡಿಸುವ ಮುನ್ನ ಇದು ತಿಳಿದಿರಬೇಕು.

ಹಾಗೆಂದು ಕೈಚೆಲ್ಲಬೇಕಿಲ್ಲ. ಚಕ್ರದಲ್ಲಿ ಓಡಿದ ಇಲಿಗಳ ಮಿದುಳಿನಲ್ಲಿ ಬಿಡಿಎನ್‌ಎಫ್ ಹೆಚ್ಚಿದ್ದು 1995ರಲ್ಲೇ ಕಂಡುಬಂತು. ಸತ್ತ ಕೋಶ ಮರಳದಿದ್ದರೂ ಉಳಿದವು ಹೊಸ ಸಂಪರ್ಕ ಕಟ್ಟಿಕೊಳ್ಳಬಲ್ಲವು. ಆಸ್ಪತ್ರೆಯವರು ಹೇಳಿಕೊಡುವ ಕೈಕಾಲಿನ ವ್ಯಾಯಾಮವನ್ನು ಬರೀ ಸಮಾಧಾನದ ಮಾತೆಂದು ಅರ್ಧಕ್ಕೇ ಬಿಡಬಾರದು.