ರುವಾಂಡಾದ ಹೊಸ ನಗಾರಿ



ಯುದ್ಧಗಳು ಏಕೆ ನಡೆದವು, ಯಾರು ಗೆದ್ದರು, ಯಾವ ಒಪ್ಪಂದಕ್ಕೆ ಸಹಿ ಬಿತ್ತು ಎಂಬುದನ್ನು ಇತಿಹಾಸದ ಪಠ್ಯಪುಸ್ತಕಗಳು ವಿವರಿಸುತ್ತವೆ. ಆದರೆ ಎಲ್ಲ ಮುಗಿದ ಮೇಲೆ ಜನ ಹೇಗೆ ಬದುಕಿದರು ಎಂಬ ಪ್ರಶ್ನೆ ಪರೀಕ್ಷೆಯಲ್ಲಿ ಬರುವುದು ಅಪರೂಪ. ಮನೆಮಂದಿಯನ್ನೆಲ್ಲ ಕಳೆದುಕೊಂಡವರು ಮತ್ತೆ ನಗುವುದನ್ನು ಹೇಗೆ ಕಲಿತರು? ಆಫ್ರಿಕಾ ಖಂಡದ ಪುಟ್ಟ ದೇಶ ರುವಾಂಡಾದ ಇತ್ತೀಚಿನ ಇತಿಹಾಸದಲ್ಲಿ ಇದಕ್ಕೊಂದು ಉತ್ತರವಿದೆ.

ನೂರು ದಿನಗಳ ನರಮೇಧ

ರುವಾಂಡಾದ ಹುಟು ಮತ್ತು ಟುಟ್ಸಿ ಜನ ಒಂದೇ ಭಾಷೆಯಾಡುತ್ತ, ಅಕ್ಕಪಕ್ಕದಲ್ಲಿ ಬಾಳಿದವರು. ಇವರ ನಡುವೆ ಅಂತಸ್ತಿನ ಭೇದ ಮೊದಲೇ ಇತ್ತು. ಬೆಲ್ಜಿಯಂನ ವಸಾಹತು ಆಡಳಿತವು 1930ರ ದಶಕದಲ್ಲಿ ಗುರುತಿನ ಚೀಟಿಯ ಮೇಲೆ ಪಂಗಡದ ಹೆಸರನ್ನು ಬರೆಸಿ ಆ ಭೇದವನ್ನು ಗಟ್ಟಿಗೊಳಿಸಿತು. 1994ರ ಏಪ್ರಿಲ್ 6ರಂದು ಅಧ್ಯಕ್ಷ ಹಬ್ಯಾರಿಮಾನಾ ಅವರ ವಿಮಾನವನ್ನು ಹೊಡೆದುರುಳಿಸಲಾಯಿತು. ಆನಂತರದ ಸುಮಾರು ನೂರು ದಿನಗಳಲ್ಲಿ 8 ಲಕ್ಷದಷ್ಟು ಜನ ಹತರಾದರೆಂದು ಅಂದಾಜು. ಸತ್ತವರಲ್ಲಿ ಬಹುಪಾಲು ಟುಟ್ಸಿಗಳು. ಕೊಲೆಯನ್ನು ವಿರೋಧಿಸಿದ ಹುಟುಗಳೂ ಅವರಲ್ಲಿದ್ದರು.

ಪ್ರಸಾರ ಮಾಧ್ಯಮದಲ್ಲಿ ದುಡಿಯುವ ನನ್ನಂಥವರನ್ನು ಇಲ್ಲಿ ಒಂದು ಸಂಗತಿ ಕಾಡುತ್ತದೆ. 1993ರಲ್ಲಿ ಆರಂಭವಾದ ಆರ್‌ಟಿಎಲ್‌ಎಂ ಎಂಬ ಬಾನುಲಿ ಕೇಂದ್ರವು ಜನಪ್ರಿಯ ಹಾಡುಗಳ ನಡುನಡುವೆ ದ್ವೇಷವನ್ನು ಬಿತ್ತಿತು. ಜನ ಹಾಡಿಗೆಂದು ಕಿವಿಗೊಟ್ಟರು. ಜೊತೆಗೆ ವಿಷವೂ ಇಳಿಯಿತು. ಈ ಕೇಂದ್ರದ ಸ್ಥಾಪಕರಲ್ಲಿ ಇಬ್ಬರಿಗೆ 2003ರಲ್ಲಿ ಅಂತಾರಾಷ್ಟ್ರೀಯ ನ್ಯಾಯಮಂಡಳಿ ಶಿಕ್ಷೆ ವಿಧಿಸಿತು. ತಾಳ, ಲಯಗಳಿದ್ದ ಮಾತ್ರಕ್ಕೆ ಒಳಿತಾಗುವುದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಯಾರನ್ನು ಕೂಡಿಸಿಕೊಂಡು ಹಾಡುತ್ತೇವೆ, ಯಾರನ್ನು ಹೊರಗಿಡುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಹೆಂಗಸರ ಕೈಗೆ ಬಂದ ಕೋಲು

ಅಲ್ಲಿನ ಭಾಷೆಯಲ್ಲಿ 'ಇಂಗೋಮಾ' ಎಂದರೆ ನಗಾರಿ. ರಾಜ್ಯ, ಆಳ್ವಿಕೆ ಎಂಬ ಅರ್ಥವೂ ಅದಕ್ಕುಂಟು. ಅರಸರ ಕಾಲದಲ್ಲಿ ನಗಾರಿಯೇ ರಾಜಲಾಂಛನವಾಗಿತ್ತು. ಹೆಂಗಸರು ಕುಣಿಯಬಹುದಿತ್ತು, ನಗಾರಿಯನ್ನು ಮುಟ್ಟುವಂತಿರಲಿಲ್ಲ.

ಈ ಕಟ್ಟಳೆಯನ್ನು ಮುರಿದವರು ನಾಟಕಕಾರ್ತಿ ಓಡಿಲ್ ಗಾಕಿರೆ ಕಟೇಸೆ. ದೇಶ ತೊರೆದಿದ್ದ ರುವಾಂಡಾ ಕುಟುಂಬವೊಂದರಲ್ಲಿ, ನೆರೆಯ ಕಾಂಗೋದಲ್ಲಿ ಹುಟ್ಟಿದವರು ಇವರು. ನರಮೇಧಕ್ಕೆ ಹತ್ತು ವರ್ಷ ತುಂಬಿದ 2004ರಲ್ಲಿ, ಬುಟಾರೆ (ಇಂದಿನ ಹುಯೆ) ಪಟ್ಟಣದಲ್ಲಿ 'ಇಂಗೋಮಾ ನ್ಶ್ಯಾ', ಅಂದರೆ 'ಹೊಸ ನಗಾರಿ' ಎಂಬ ಮಹಿಳೆಯರ ತಂಡವನ್ನು ಕಟ್ಟಿದರು. ವಿಧವೆಯರು, ತಂದೆತಾಯಿಯರನ್ನು ಕಳೆದುಕೊಂಡವರು, ಕೊಲೆಗೆ ಕೈಹಾಕಿ ಸೆರೆಮನೆ ಸೇರಿದವರ ಹೆಂಡಿರು, ಮಕ್ಕಳು ಇದರಲ್ಲಿ ಸೇರಿದರು. ಹುಟು, ಟುಟ್ಸಿ ಎಂಬ ಹೆಸರುಗಳನ್ನು ಬಾಗಿಲ ಹೊರಗೇ ಬಿಟ್ಟು ಬರಬೇಕೆಂಬುದು ಅಲ್ಲಿಯ ನಿಯಮ.

ವಾದನದ ಜೊತೆಗೆ ಹಾಡು, ಕುಣಿತ, ನೆಗೆತ ಎಲ್ಲವೂ ಬೆರೆತ ಕಲೆ ಇದು. ಪಕ್ಕದವಳ ಏಟಿಗೆ ಕಿವಿಗೊಡದಿದ್ದರೆ ತಾಳ ತಪ್ಪುತ್ತದೆ. ಮಾತನಾಡಲು ಅಂಜುತ್ತಿದ್ದವರು ಹೀಗೆ ಮೊದಲು ಪರಸ್ಪರ ಕೇಳಿಸಿಕೊಳ್ಳುವುದನ್ನು ಕಲಿತರು. 2010ರಲ್ಲಿ ತಂಡದ ಸದಸ್ಯೆಯರು 'ಇಂಜೋಜಿ ನ್ಜಿಜಾ', ಅಂದರೆ 'ಸಿಹಿಗನಸು' ಎಂಬ ಐಸ್‌ಕ್ರೀಂ ಅಂಗಡಿಯನ್ನೂ ತೆರೆದರು. ಸಂತೋಷದ ಜೊತೆಗೆ ಸಂಪಾದನೆಯೂ ಬೇಕಲ್ಲವೇ? ಇವರ ಕಥೆ 2012ರಲ್ಲಿ ಸಾಕ್ಷ್ಯಚಿತ್ರವಾಯಿತು.

ವಿಜ್ಞಾನ ಏನು ಹೇಳುತ್ತದೆ?

ನೃತ್ಯವನ್ನು ಆಸ್ಪತ್ರೆಯೊಳಕ್ಕೆ ತಂದವರಲ್ಲಿ ಅಮೆರಿಕದ ನರ್ತಕಿ ಮರಿಯನ್ ಚೇಸ್ ಮೊದಲಿಗರು. 1942ರಲ್ಲಿ ಅವರು ವಾಷಿಂಗ್ಟನ್ನಿನ ಸೇಂಟ್ ಎಲಿಜಬೆತ್ಸ್ ಮಾನಸಿಕ ಆಸ್ಪತ್ರೆಯಲ್ಲಿ ಕೆಲಸ ಆರಂಭಿಸಿದರು. ಎರಡನೆಯ ಮಹಾಯುದ್ಧದಲ್ಲಿ ಮನಸ್ಸು ಜರ್ಜರಿತವಾಗಿ ಮರಳಿದ ಯೋಧರು ಅಲ್ಲಿದ್ದರು. ತೀವ್ರ ಮನೋರೋಗಗಳಿಗೆ ಇಂದು ಬಳಸುವಂಥ ಔಷಧಿಗಳು ಬಂದದ್ದು 1950ರ ದಶಕದಲ್ಲಿ. ಮಾತನ್ನೇ ನಿಲ್ಲಿಸಿದ ರೋಗಿಯ ಚಲನೆಯನ್ನು ಚೇಸ್ ತಮ್ಮ ಮೈಯಲ್ಲಿ ಪ್ರತಿಬಿಂಬಿಸುತ್ತಿದ್ದರು. 'ನಿನ್ನನ್ನು ನೋಡುತ್ತಿದ್ದೇನೆ' ಎಂದು ಮಾತಿಲ್ಲದೆ ತಿಳಿಸುವ ಬಗೆ ಅದು. 1966ರಲ್ಲಿ ಅಮೆರಿಕದ ನೃತ್ಯಚಿಕಿತ್ಸಕರ ಸಂಘ ಸ್ಥಾಪನೆಯಾದಾಗ ಅವರೇ ಅದರ ಮೊದಲ ಅಧ್ಯಕ್ಷೆ.

2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಬ್ರೆಜಿಲ್‌ನ ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಗುಂಪುಗಳಲ್ಲಿ ಕುಣಿಸಿದರು. ಒಂದೇ ಲಯಕ್ಕೆ ಹೆಜ್ಜೆ ಹಾಕಿದವರಲ್ಲಿ ನೋವು ತಾಳುವ ಶಕ್ತಿ ಹೆಚ್ಚಿತು. ಜೊತೆಗಾರರ ಮೇಲಿನ ಆತ್ಮೀಯತೆಯೂ ಬೆಳೆಯಿತು. ಮೈ ದಣಿಯುವಂತೆ ಕುಣಿದಾಗಲೂ ಇದೇ ಫಲ. ಮಿದುಳಿನಲ್ಲಿ ಸ್ರವಿಸುವ ಎಂಡಾರ್ಫಿನ್ ಎಂಬ ನೋವುನಿವಾರಕ ವಸ್ತು ಇದಕ್ಕೆ ಕಾರಣವಿರಬಹುದೆಂದು ಅವರು ಭಾವಿಸುತ್ತಾರೆ.

ಹಾಗೆಂದು ಕುಣಿತವೊಂದರಿಂದಲೇ ರುವಾಂಡಾ ಚೇತರಿಸಿಕೊಂಡಿತೆಂದು ಹೇಳಲಾಗದು. 'ಗಚಾಚಾ' ಎಂಬ ಊರ ನ್ಯಾಯಾಲಯಗಳು 2012ರವರೆಗೂ ವಿಚಾರಣೆ ನಡೆಸಿದವು. ಸತ್ತವರಿಗೆ ನ್ಯಾಯ ಬೇಕು, ಬದುಕಿದವರಿಗೆ ಅನ್ನ, ಔಷಧಿ ಬೇಕು. ಗಾಯ ಪೂರ್ತಿ ಮಾದ ಮೇಲೆ ಸಂತೋಷಪಡೋಣವೆಂದು ಮಾತ್ರ ಆ ಹೆಂಗಸರು ಕಾಯಲಿಲ್ಲ. ಗಾಯ ಮಾಯಲು ಸಂತೋಷವೂ ಬೇಕೆಂದು ಅವರು ಅರಿತಿದ್ದರು.

ನಿಮ್ಮ ಶಾಲಾ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಎಲ್ಲರೂ ಕೂಡಿ ಕುಣಿಯುವಾಗ, ದೂರದಲ್ಲಿ ಒಬ್ಬರೇ ನಿಂತವರು ಯಾರೆಂದು ಒಮ್ಮೆ ನೋಡಿ. ಅವರನ್ನೂ ಒಳಗೆ ಕರೆಯಿರಿ.